ಫೀಸು ಕಟ್ಟಿದ್ದೇವೆ, ಡಾಕ್ಟರು ಎಲ್ಲಿ?



ನಮ್ಮ ದೀಪಾವಳಿ ಕೂಟದ ಊಟದ ಸಾಲಿನಲ್ಲಿ ಕಾಲೇಜು ಮಕ್ಕಳ ತಂದೆತಾಯಿಯರು ಸೇರಿದರೆ ಒಂದೇ ರಾಗ: "ಯೂನಿವರ್ಸಿಟಿ ಹೆಲ್ತ್ ಸೆಂಟರಿಗೆ ಫೋನ್ ಮಾಡಿದೆ ಕಣ್ರೀ, ನನ್ನ ಮಗನ ವಿಷಯ ನನಗೇ ಹೇಳಲಿಲ್ಲ! ದುಡ್ಡು ಮಾತ್ರ ನಮ್ಮದು ಬೇಕು." ಎಲ್ಲರೂ ತಲೆಯಾಡಿಸುತ್ತಾರೆ. ನಾನೂ ಆಡಿಸಿದವನೇ. ಈಗ ಆಡಿಸುವುದಿಲ್ಲ.

ಅಮೆರಿಕದಲ್ಲಿ 18 ತುಂಬಿದ ಮೇಲೆ ಕಾಯಿಲೆಯ ಗುಟ್ಟು ರೋಗಿಯದು. ಮಕ್ಕಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಡಾಕ್ಟರು ನಮ್ಮೊಡನೆ ಮಾತಾಡುತ್ತಾರೆ. ಹಾಕದಿದ್ದರೆ ಕಾರಣ ಅವರಿಗೆ ಗೊತ್ತು. ಪ್ರತಿ ಮಾತೂ ಅಪ್ಪನ ಕಿವಿಗೆ ಬೀಳುತ್ತದೆಂದಾದರೆ ಮನಸ್ಸು ಕುಸಿದ ಹುಡುಗ ಡಾಕ್ಟರ ಹತ್ತಿರ ಹೋದಾನೆಯೇ?

ನಮಗೆ ಡಾಕ್ಟರು ಸಿಗದಿದ್ದರೆ ಹೋಗಲಿ. ಮಕ್ಕಳಿಗೂ ಸಿಗುತ್ತಿಲ್ಲವಲ್ಲ, ಕೂಗಾಡಬೇಕಾದದ್ದು ಅದಕ್ಕೆ!

ನನ್ನ ಮಗಳ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಎರಡನೇ ವರ್ಷದಲ್ಲಿದ್ದಾಗ ಒಂದು ಗುರುವಾರ ಹೊಟ್ಟೆನೋವೆಂದು ಹೆಲ್ತ್ ಸೆಂಟರಿಗೆ ಫೋನ್ ಮಾಡಿದಳು. ನರ್ಸು ನಾಲ್ಕು ಪ್ರಶ್ನೆ ಕೇಳಿ, ಮುಂದಿನ ಬುಧವಾರ ಬೆಳಿಗ್ಗೆ ಬಾ ಎಂದಳು. ಆಕೆಯನ್ನು ದೂರುವುದಿಲ್ಲ, ಇದ್ದ ಜಾಗವನ್ನೇ ಕೊಟ್ಟಳು. ಶನಿವಾರ ಸೆಂಟರಿಗೆ ಬೀಗ. ಆ ರಾತ್ರಿ ರೂಮ್‌ಮೇಟ್ ಎಮರ್ಜೆನ್ಸಿಗೆ ಕರೆದೊಯ್ದಳು. ಅಪೆಂಡಿಕ್ಸ್, ಕೂಡಲೇ ಆಪರೇಷನ್. ನಾವು 600 ಮೈಲಿ ದೂರದಲ್ಲಿ ಟಿವಿ ನೋಡುತ್ತಾ ಕೂತಿದ್ದೆವು.

ನಮ್ಮೂರಿನಲ್ಲಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತರೆ ಕತ್ತಲಾಗುವುದರೊಳಗೆ ಡಾಕ್ಟರು ಹೊಟ್ಟೆ ಒತ್ತಿ ನೋಡಿಯೇ ಕಳಿಸುತ್ತಿದ್ದರು.

ಅಪ್ಪನ ಇನ್ಷೂರೆನ್ಸ್ ಇದೆಯಲ್ಲ ಎನ್ನಬೇಡಿ. 2010ರ ಕಾನೂನಿನಿಂದ ಮಕ್ಕಳು 26ರವರೆಗೆ ಅದರಲ್ಲಿರಬಹುದು, ನಿಜ. ಆದರೆ ಹಲವರ ಇನ್ಷೂರೆನ್ಸ್ ಊರು ಬಿಟ್ಟರೆ ಎಮರ್ಜೆನ್ಸಿಗೆ ಮಾತ್ರ. ಅಲ್ಲಿ ನನ್ನ ಮಗಳಿಗಿದ್ದ ಡಾಕ್ಟರೆಂದರೆ ಆ ಹೆಲ್ತ್ ಸೆಂಟರೊಂದೇ. ಅದರ ಫೀಸನ್ನು ಸೆಮಿಸ್ಟರ್ ಸೆಮಿಸ್ಟರಿಗೂ ತಪ್ಪದೆ ಕಟ್ಟಿದ್ದೇವೆ. ಯುಗಾದಿ ಊಟಕ್ಕೆ ಬರುವ, ಕರ್ನಾಟಕದಿಂದ ಓದಲು ಬಂದ ಹುಡುಗರ ಪಾಡು ಇನ್ನೂ ಕಷ್ಟ. ಕಾರಿಲ್ಲ, ಮನೆಯವರಿಲ್ಲ. ಕೆಲವು ಕಡೆ ಜೊತೆಗೆ ಬಂದ ಹೆಂಡತಿಯನ್ನು ಸೆಂಟರಿನಲ್ಲಿ ನೋಡುವುದೇ ಇಲ್ಲ.

1861ರಲ್ಲಿ ಆಮ್‌ಹರ್ಸ್ಟ್ ಕಾಲೇಜು ಎಡ್ವರ್ಡ್ ಹಿಚ್‌ಕಾಕ್ ಎಂಬ ವೈದ್ಯರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿ ವಿದ್ಯಾರ್ಥಿಗಳ ಆರೋಗ್ಯವನ್ನು ಅವರಿಗೆ ವಹಿಸಿತು. ಈ ದೇಶದ ಕಾಲೇಜು ಆರೋಗ್ಯ ಸೇವೆಗೆ ಅದೇ ಮೊದಲು ಎನ್ನುತ್ತಾರೆ. ಈಗ ದೊಡ್ಡ ಯೂನಿವರ್ಸಿಟಿಯಲ್ಲಿ ಫುಟ್‌ಬಾಲ್ ಆಟಗಾರನ ಮೊಣಕಾಲು ಉಳುಕಿದರೆ ಮೈದಾನದಲ್ಲೇ ಡಾಕ್ಟರು ಹಾಜರು. ಕೆಮಿಸ್ಟ್ರಿ ಓದುವವಳಿಗೆ ಬುಧವಾರ!

ನಾವು ಸುಮ್ಮನಿರುವುದಕ್ಕೆ ನಮ್ಮ ಸಂಘದ ಡಾಕ್ಟರುಗಳೂ ಕಾರಣ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ, ಪಾಪ, ಬೇಸರಿಸದೆ ಔಷಧಿ ಹೇಳುತ್ತಾರೆ. ಆದರೆ ಡಾಕ್ಟರ್ ಅಂಕಲ್ ಫೋನಿನಲ್ಲಿ ಹೊಟ್ಟೆ ಮುಟ್ಟಿ ನೋಡಲಾರರು.

ಪೇರೆಂಟ್ಸ್ ವೀಕೆಂಡಿಗೆ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತೇವಲ್ಲ, ಈ ಸಲ ಡೀನ್ ಎದುರು ಎದ್ದು ನಿಂತು ಕೇಳಿ: ಬೆಳಿಗ್ಗೆ ಫೋನ್ ಮಾಡಿದವರನ್ನು ಅದೇ ದಿನ ನೋಡುವ ಡಾಕ್ಟರು ಎಷ್ಟು ಮಂದಿ? ಶನಿವಾರ ಯಾರಿರುತ್ತಾರೆ? ಸಿಕ್ಕ ಉತ್ತರ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕಲು ಸಂಪಾದಕರು ಒಪ್ಪಿದ್ದಾರೆ.

— ಒಬ್ಬ ಸದಸ್ಯ