ಜುಟ್ಟಿನ ಮಲ್ಲಿಗೆ

ನಮ್ಮ ಕಛೇರಿಯ ಗೋಡೆಗೆ ಒಂದು ದಿನ ಗಾಜಿನ ಚೌಕಟ್ಟು ಬಂತು. ಒಳಗೊಂದು ಹಳದಿ ನಕ್ಷತ್ರ, ಅದರ ನಡುವೆ ಒಂದು ಭಾವಚಿತ್ರ ಹಿಡಿಸುವಷ್ಟು ಜಾಗ, ಕೆಳಗೆ ‘ತಿಂಗಳ ತಾರೆ’ ಎಂಬ ಬರಹ. ತೂಗುಹಾಕಿದವರು ಬೆಂಗಳೂರಿನಿಂದ ಬಂದ ಇಬ್ಬರು ಪರಿಣತರು. ನೌಕರರನ್ನು ಹೇಗೆ ಗುರುತಿಸಬೇಕು, ಹೇಗೆ ಹುರಿದುಂಬಿಸಬೇಕು ಎಂದು ಮಾಲೀಕರಿಗೆ ಹೇಳಿಕೊಡುವುದೇ ಅವರ ಕಸುಬು. ಅಂಥದ್ದೊಂದು ಕಸುಬಿದೆ ಎಂದು ನನಗೆ ತಿಳಿದದ್ದೇ ಅಂದು. ಮನೆಯ ಸೊಸೆಯನ್ನು ಮೆಚ್ಚಿಕೊಳ್ಳುವುದು ಹೇಗೆಂದು ಪಕ್ಕದ ಊರಿನವರನ್ನು ಕರೆಸಿ ಕೇಳಿದ ಹಾಗಾಯಿತಲ್ಲ ಎಂದು ನಗು ಬಂತು. ಆ ನಗು ಬಹಳ ದಿನ ಉಳಿಯಲಿಲ್ಲ.

ನಮ್ಮದು ಉಡುಪುಗಳನ್ನು ಅಂಗಡಿಗಳಿಗೆ ಕಳಿಸುವ ಸಂಸ್ಥೆ. ಬಿಲ್ಲು ಬರೆಯುವವರು ಕೆಲವರು, ಪ್ಯಾಕಿಂಗಿಗೆ ಕೂರುವವರು ಹಲವರು, ಹೆಚ್ಚಿನವರು ಹೆಂಗಸರೇ. ಪರಿಣತರು ಮೂರು ದಿನ ಇದ್ದರು. ಎರಡು ದಿನ ಸಾಹೇಬರ ಕೋಣೆಯಲ್ಲಿ, ಮೂರನೆಯ ದಿನ ನಮ್ಮ ಮುಂದೆ. ಬಿಲ್ಲಿಗಿಷ್ಟು ಅಂಕ, ಕಟ್ಟಿದ ಪೆಟ್ಟಿಗೆಗಿಷ್ಟು ಅಂಕ, ರಜೆ ಹಾಕದ ತಿಂಗಳಿಗೆ ಇಷ್ಟು ಅಂಕ ಎಂದು ಪಟ್ಟಿ ಓದಿದರು. ಹೆಚ್ಚು ಅಂಕ ಗಳಿಸಿದವರಿಗೆ ನಕ್ಷತ್ರ, ಜೊತೆಗೊಂದು ಗಿಫ್ಟ್ ಕೂಪನ್ನು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಗುವಿಗೆ ಜ್ವರ ಬಂದು ಒಂದು ದಿನ ಮನೆಯಲ್ಲಿ ಕೂತರೆ ತಿಂಗಳ ಅಂಕವೆಲ್ಲ ಹೋಯಿತು ಎಂಬುದು ಚಪ್ಪಾಳೆ ಮುಗಿದ ಮೇಲೆ ಹೊಳೆಯಿತು.

ನಮ್ಮಲ್ಲೊಬ್ಬರು ಹಿರಿಯರಿದ್ದರು. ಎಲ್ಲರಿಗೂ ಅವರು ಅಕ್ಕ. ಬಿಲ್ಲಿಗೂ ಪೆಟ್ಟಿಗೆಗೂ ತಾಳೆಯಾಗದಿದ್ದರೆ ಹಿಡಿಯುವುದು, ಹೊಸ ಹುಡುಗಿಯರಿಗೆ ಅಳತೆಯ ಗುರುತು ಕಲಿಸುವುದು, ಸಿಟ್ಟಾದ ಅಂಗಡಿಯವರನ್ನು ಫೋನಿನಲ್ಲಿ ಸಮಾಧಾನ ಮಾಡುವುದು ಎಲ್ಲ ಅವರೇ. ಪಟ್ಟಿಯಲ್ಲಿ ಇದಕ್ಕೊಂದು ಸಾಲೂ ಇರಲಿಲ್ಲ. ಮೊದಲ ತಿಂಗಳು ನಕ್ಷತ್ರಕ್ಕೇರಿದ್ದು ಒಬ್ಬ ಹುಡುಗನ ಚಿತ್ರ. ಅವನು ಬಿಲ್ಲು ಬರೆಯುವುದರಲ್ಲಿ ಚುರುಕು, ತಪ್ಪು ಮಾಡುವುದರಲ್ಲೂ ಅಷ್ಟೇ ಚುರುಕು. ಆ ತಪ್ಪುಗಳನ್ನೆಲ್ಲ ತಿದ್ದಿದ ಅಕ್ಕನಿಗೆ ಎಲ್ಲರಿಗಿಂತ ಕಡಿಮೆ ಅಂಕ. ಅಕ್ಕ ಜಗಳವಾಡಲಿಲ್ಲ. ತಿದ್ದುವುದನ್ನು ಬಿಟ್ಟು ತಾವೂ ಪೆಟ್ಟಿಗೆ ಕಟ್ಟಲು ಕೂತರು. ಎರಡು ತಿಂಗಳಲ್ಲಿ ವಾಪಸು ಬಂದ ಪೆಟ್ಟಿಗೆಗಳು ಗೋದಾಮಿನ ಬಾಗಿಲಿಗೆ ಅಡ್ಡವಾದವು.

ಹೊರಗಿನವರನ್ನು ಕರೆಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಒಳಗಿನವರ ಕಣ್ಣಿಗೂ ಪೊರೆ ಬಂದಿರುತ್ತದೆ. ಸಾಹೇಬರ ಮರ್ಜಿ ಹಿಡಿದವರಿಗೇ ಶಾಲು, ಅವರ ಊರಿನವರಿಗೇ ಹಾರ ಎಂಬುದನ್ನು ನಾವೆಲ್ಲ ಕಂಡವರೇ. ಯಾರ ಹಂಗೂ ಇಲ್ಲದ ಪರಸ್ಥಳದವರು ನಾವು ಕೇಳಲಾರದ ಪ್ರಶ್ನೆಯನ್ನು ಸಾಹೇಬರಿಗೆ ಕೇಳಬಲ್ಲರು. ಅವರಿಗೆ ಹಣ ಕೊಡುವುದಿದ್ದರೆ ಅದಕ್ಕಾಗಿ ಕೊಡಬೇಕು. ಆದರೆ ನಡೆಯುವುದೇನು? ಹಿತ್ತಲ ಗಿಡ ಮದ್ದಲ್ಲ ಎಂದು ಹೊರಗಿನಿಂದ ವೈದ್ಯರನ್ನು ಕರೆಸುತ್ತಾರೆ. ಆ ವೈದ್ಯರು ರೋಗಿಯ ನಾಡಿ ಹಿಡಿಯುವುದಿಲ್ಲ, ಕರೆಸಿದವರ ಮುಖ ನೋಡಿ ಮದ್ದು ಬರೆಯುತ್ತಾರೆ.

ಇದು ಇಂದಿನ ಕಥೆಯಲ್ಲ. ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಎಂಬಲ್ಲಿ ಟೆಲಿಫೋನ್ ಸಾಮಗ್ರಿಯ ದೊಡ್ಡ ಕಾರ್ಖಾನೆಯಿತ್ತು. 1927ರಲ್ಲಿ ಅಲ್ಲಿ ಐವರು ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ವಿರಾಮ ಕೊಟ್ಟು, ಕೆಲಸದ ಹೊತ್ತು ಕಡಿಮೆ ಮಾಡಿ ಪರೀಕ್ಷೆ ನಡೆಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಟನ್ ಮೇಯೋ ಅವರಂಥ ಪಂಡಿತರೂ ಮುಂದೆ ಬಂದು ಸೇರಿದರು. ಉತ್ಪಾದನೆ ಏರಿತು. ಕೆಲಸಗಾರರ ಕಡೆ ನಾಲ್ಕು ಜನ ಗಮನ ಕೊಟ್ಟರೆ ಸಾಕು, ಅವರು ಹುರುಪಿನಿಂದ ದುಡಿಯುತ್ತಾರೆ ಎಂಬ ಪಾಠ ಅಲ್ಲಿಂದ ಲೋಕವೆಲ್ಲ ಹಬ್ಬಿತು. ಗೋಡೆಯ ನಕ್ಷತ್ರಕ್ಕೆ ಅದೇ ಮೂಲಮಂತ್ರ.

ಆದರೆ ಆ ಕಥೆಯ ಎರಡು ಸಂಗತಿಗಳನ್ನು ಹೇಳುವವರು ಕಡಿಮೆ. ಆ ಕೋಣೆಯಲ್ಲಿ ಕೂಲಿಯ ಲೆಕ್ಕವೂ ಬದಲಾಗಿತ್ತು. ಮೊದಲು ದೊಡ್ಡ ಗುಂಪಿನ ದುಡಿಮೆಯಲ್ಲಿ ಪಾಲು ಸಿಗುತ್ತಿದ್ದರೆ, ಇಲ್ಲಿ ತಮ್ಮ ಚಿಕ್ಕ ಗುಂಪು ದುಡಿದದ್ದು ತಮ್ಮ ಕೈಗೇ ಬರುತ್ತಿತ್ತು. ಎರಡನೆಯದು, ಹೆಚ್ಚು ಮಾತಾಡುತ್ತಾರೆ, ಸಹಕರಿಸುವುದಿಲ್ಲ ಎಂದು ಐವರಲ್ಲಿ ಇಬ್ಬರನ್ನು 1928ರ ಜನವರಿಯಲ್ಲಿ ತೆಗೆದು ಬೇರೆ ಇಬ್ಬರನ್ನು ತಂದು ಕೂರಿಸಿದರು. ಕಾಸನ್ನೂ ಮರೆತರು, ಮಾತಾಡಿದವರನ್ನೂ ಮರೆತರು. ಉಳಿದದ್ದು ಗಮನ ಕೊಟ್ಟರೆ ಸಾಕು ಎಂಬ ಅಗ್ಗದ ಪಾಠ.

ಗಮನ ಸಾಕೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಸುಮ್ಮನೆ ಅಂದರೇ? 1965ರಲ್ಲಿ ಬೋನಸ್ ಕಾಯಿದೆ ಬಂತು. ಅದರ ಕನಿಷ್ಠ ಪಾಲು ಮುಂದೆ ಶೇಕಡ 8.33ಕ್ಕೆ ಏರಿತು, ಅಂದರೆ ಸಂಬಳದ ಹನ್ನೆರಡರಲ್ಲಿ ಒಂದು ಪಾಲು. 2019ರ ವೇತನ ಸಂಹಿತೆಯೂ ಆ ಪಾಲನ್ನು ಉಳಿಸಿಕೊಂಡಿದೆ. ಅದು ಯಾವ ಸಾಹೇಬರ ಮೆಚ್ಚುಗೆಯೂ ಅಲ್ಲ, ಹಕ್ಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದದ್ದು ನಿಮಗೆ ನೆನಪಿರಬಹುದು. ಅವರು ಸನ್ಮಾನ ಕೇಳಿರಲಿಲ್ಲ. ಭವಿಷ್ಯನಿಧಿಯಲ್ಲಿ ಮಾಲೀಕರು ತುಂಬಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ನಿಂತಿದ್ದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದೆಗೆದುಕೊಂಡಿತು. ದುಡಿಯುವ ಹೆಣ್ಣಿಗೆ ಏನು ಬೇಕೆಂದು ತಿಳಿಯಲು ಬೇರೆ ಪರಿಣತರು ಬೇಕೇ?

ಕರೆಸುವುದೇ ಆದರೆ ಮಾಲೀಕರು ಹೀಗೆ ಮಾಡಲಿ. ಪರಿಣತರು ಮೊದಲ ಎರಡು ದಿನ ನಮ್ಮ ನಡುವೆ ಕೂರಲಿ, ಸಾಹೇಬರು ಅಲ್ಲಿಲ್ಲದ ಹೊತ್ತಿನಲ್ಲಿ. ಕಣ್ಣಿಗೆ ಕಾಣದ ಕೆಲಸ ಯಾವುದು, ಯಾರು ಮಾಡುತ್ತಾರೆ ಎಂದು ಕೇಳಿ ಬರೆದುಕೊಳ್ಳಲಿ. ಹಕ್ಕಿನ ರಜೆ ಹಾಕಿದ್ದಕ್ಕೆ ಅಂಕ ಕಳೆಯದಿರಲಿ. ಸಂಬಳ, ಬೋನಸ್ಸು ಬಾಕಿ ಉಳಿದಿದ್ದರೆ ಕೂಪನ್ನು ಹಂಚುವ ಮೊದಲು ಅದನ್ನು ತೀರಿಸಿ ಎಂದು ಧೈರ್ಯವಾಗಿ ಹೇಳಲಿ. ಆರು ತಿಂಗಳ ಮೇಲೆ ಮತ್ತೆ ಬಂದು, ಈ ಯೋಜನೆ ಇರಲೋ ಬೇಡವೋ ಎಂದು ನಮ್ಮನ್ನೇ ಕೇಳಲಿ. ಇಷ್ಟಕ್ಕೆ ಒಪ್ಪುವ ಪರಿಣತರಿದ್ದರೆ ಅವರಿಗೆ ನಾನೇ ಹಾರ ತರುತ್ತೇನೆ.

ಅಕ್ಕ ಆ ವರ್ಷವೇ ಕೆಲಸ ಬಿಟ್ಟರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟ ಸಾಹೇಬರು ಪಶ್ಚಾತ್ತಾಪದ ದನಿಯಲ್ಲಿ, “ನೀವು ಇಷ್ಟೆಲ್ಲ ಮಾಡುತ್ತಿದ್ದಿರಿ ಅಂತ ನನಗೆ ಗೊತ್ತೇ ಇರಲಿಲ್ಲಮ್ಮ” ಎಂದರು. ಅಕ್ಕ ಶಾಲನ್ನು ಮಡಿಸುತ್ತ, “ಕೇಳಿದ್ದರೆ ಹೇಳುತ್ತಿದ್ದೆ” ಎಂದರು.

ನಿಮ್ಮ ಕಛೇರಿಯ ಗೋಡೆಗೂ ನಾಳೆ ಇಂಥ ಚೌಕಟ್ಟು ಬರಬಹುದು. ಬಂದ ದಿನ ಚಪ್ಪಾಳೆಗೆ ಅವಸರ ಮಾಡಬೇಡಿ. ಆ ಅಂಕಗಳ ಪಟ್ಟಿಯನ್ನು ಮೊದಲು ಕೈಗೆ ಕೊಡಿ, ಓದಿ ನೋಡುತ್ತೇವೆ ಎನ್ನಿ.