ಹದಿಹರೆಯದ ಮಕ್ಕಳೊಡನೆ ನಗರದರ್ಶನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಅನುಭವದ ಮಾತು. ಕೋಶ ಓದಿಸುವ ಹೊಣೆಯನ್ನು ಶಾಲೆಗಳು ಹೊತ್ತುಕೊಂಡಿವೆ. ದೇಶ ಸುತ್ತಿಸುವ ಹೊಣೆ ಯಾರದು? ವರುಷಕ್ಕೊಮ್ಮೆ ಶೈಕ್ಷಣಿಕ ಪ್ರವಾಸ ಹೊರಡುತ್ತದೆ. ಒಂದು ಬಸ್ಸು, ಐವತ್ತು ಮಕ್ಕಳು, ಎಣಿಕೆ ತಪ್ಪದಿರಲೆಂದು ಸದಾ ಜಾಗರೂಕರಾಗಿರುವ ಇಬ್ಬರು ಶಿಕ್ಷಕರು: ಅಷ್ಟರೊಳಗೆ ಆಗುವುದಷ್ಟೇ ಆಗುತ್ತದೆ. ಉಳಿದ ಹೊಣೆ ಪಾಲಕರಿಗೆ ಸೇರಿದ್ದು. ಹದಿಮೂರರಿಂದ ಹದಿನಾರರ ವಯಸ್ಸಿನ ಮಗನನ್ನೋ ಮಗಳನ್ನೋ ಕರೆದುಕೊಂಡು, ರಸ್ತೆಯ ಮೇಲೆ ಪಯಣಿಸಿ, ಒಂದು ನಗರವನ್ನು ಕಣ್ತುಂಬ ನೋಡಿಬರುವುದು ಬರಿಯ ವಿಹಾರವಲ್ಲ. ಅದು ಶಿಕ್ಷಣದ ಒಂದು ಅಂಗ. ಆದರೆ ಈ ಕಾರ್ಯವು ಇಂದು ಬಹುತೇಕ ಕುಟುಂಬಗಳಲ್ಲಿ ನಡೆಯುತ್ತಿರುವ ರೀತಿ ಅದರ ಫಲವನ್ನೇ ಕಳೆಯುತ್ತಿದೆ ಎಂದು ಹೇಳದೆ ವಿಧಿಯಿಲ್ಲ.

ಆ ರೀತಿ ಎಲ್ಲರಿಗೂ ಪರಿಚಿತವಾದುದೇ. ಎಲ್ಲಿಗೆ ಹೋಗಬೇಕೆಂಬುದನ್ನು ತಂದೆ ನಿರ್ಧರಿಸುತ್ತಾನೆ. ಬುತ್ತಿ ಕಟ್ಟುವ ಚಿಂತೆ ತಾಯಿಯದು. ಮಗು ಹಿಂದಿನ ಆಸನದಲ್ಲಿ ಒಂದು ಸಾಮಾನಿನಂತೆ ಕುಳಿತುಕೊಳ್ಳುತ್ತದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಹತ್ತು ಸ್ಥಳಗಳು. ಪ್ರತಿಯೊಂದರ ಮುಂದೆಯೂ ಒಂದು ಛಾಯಾಚಿತ್ರ. "ಬೇಗ ನಡೆ, ಇನ್ನೂ ನಾಲ್ಕು ಬಾಕಿ ಇವೆ" ಎಂಬ ಅವಸರ. ಮಗು ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೊಬೈಲಿನೊಳಗೆ ಮುಳುಗಿದರೆ, "ಈಗಿನ ಮಕ್ಕಳಿಗೆ ಯಾವುದರಲ್ಲಿಯೂ ಆಸಕ್ತಿಯಿಲ್ಲ" ಎಂಬ ದೂರು. ಯಾವ ಕಾರ್ಯದಲ್ಲಿ ಮಗುವಿನ ಮಾತಿಗೆ ಸ್ಥಾನವೇ ಇರಲಿಲ್ಲವೋ ಅದರಲ್ಲಿ ಆಸಕ್ತಿ ಹುಟ್ಟುವುದಾದರೂ ಎಲ್ಲಿಂದ?

ಹದಿಹರೆಯವು ವಿಚಿತ್ರವಾದ ಕಾಲ. ಹೇಳಿದುದನ್ನೆಲ್ಲ ಒಪ್ಪುವ ಬಾಲ್ಯ ಕಳೆದಿರುತ್ತದೆ; ತಾನೇ ತೂಗಿ ನೋಡುವ ಪ್ರೌಢಿಮೆ ಇನ್ನೂ ಬಂದಿರುವುದಿಲ್ಲ. ಈ ಹೊಸ್ತಿಲಲ್ಲಿ ನಿಂತ ಮಗುವಿಗೆ ಬೇಕಾದುದು ಉಪದೇಶವಲ್ಲ, ಹೊಣೆಗಾರಿಕೆ. ಅಷ್ಟೇ ಅಲ್ಲ, ಹತ್ತನೆಯ ತರಗತಿ ಮುಗಿಯುತ್ತಲೇ ಅನೇಕ ಮಕ್ಕಳು ಪರಸ್ಥಳದ ಕಾಲೇಜಿಗೆ, ವಸತಿಗೃಹಕ್ಕೆ ಹೊರಟುಬಿಡುತ್ತಾರೆ. ಆಮೇಲೆ ಮನೆಗೆ ಬರುವವರು ಅವರು ನೆಂಟರಂತೆ. ತಂದೆ-ತಾಯಿಯರ ಪಾಲಿಗೆ ಉಳಿದಿರುವ ರಜೆಗಳು ಬೆರಳೆಣಿಕೆಯಷ್ಟೇ ಎಂಬುದನ್ನು ನೆನೆದರೆ ಅವುಗಳ ಬೆಲೆ ತಿಳಿದೀತು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಹುಬ್ಬಳ್ಳಿಯ ಒಂದು ಕುಟುಂಬ, ಒಂಬತ್ತನೆಯ ತರಗತಿಯ ಮಗಳೊಡನೆ ವಿಜಯಪುರಕ್ಕೆ ಹೊರಟಿದೆ. ದಾರಿ ಸುಮಾರು 200 ಕಿಲೋಮೀಟರ್. ಮಗಳ ಕೈಯಲ್ಲಿ ನಕ್ಷೆಯಿದೆ, ಖರ್ಚಿನ ಹಣವೂ ಒಂದು ಲೆಕ್ಕದ ಪುಸ್ತಕವೂ ಇವೆ. ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುವವಳು ಅವಳೇ. ನವಲಗುಂದ ಬರುತ್ತದೆ: ಜಮಖಾನೆ ನೇಯ್ಗೆಗೆ ಹೆಸರಾದ ಊರು. ಮುಂದೆ ನರಗುಂದ. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಎದ್ದುನಿಂತು, ಗೋಲಿಬಾರಿನಲ್ಲಿ ಪ್ರಾಣ ತೆತ್ತದ್ದು ಈ ನೆಲದಲ್ಲಿಯೇ. ಮುಂದೆ ಸಾಗಿದರೆ ಕೊಲ್ಹಾರದ ಉದ್ದನೆಯ ಸೇತುವೆ, ಕೆಳಗೆ ಆಲಮಟ್ಟಿಯ ಹಿನ್ನೀರು. ಈ ನೀರಿಗಾಗಿ ಬಾಗಲಕೋಟೆಯ ಹಳೆಯ ಊರಿನ ಭಾಗಗಳೂ ಹಲವಾರು ಹಳ್ಳಿಗಳೂ ಮುಳುಗಿದವು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಹೋದರು. ದಡದಲ್ಲಿ ಗಡಿಗೆಯ ಗಟ್ಟಿಮೊಸರು ಕೊಂಡು ಉಣ್ಣುವಾಗ ಈ ಮಾತು ಬಂದರೆ, ಪಠ್ಯಪುಸ್ತಕದ "ವಿವಿಧೋದ್ದೇಶ ಯೋಜನೆ" ಎಂಬ ಪದಕ್ಕೆ ಜೀವ ಬರುತ್ತದೆ. ನಗರದರ್ಶನವು ನಗರದ ಅಗಸೆಯಲ್ಲಿ ಆರಂಭವಾಗುವುದಿಲ್ಲ, ದಾರಿಯಲ್ಲಿಯೇ ಆರಂಭವಾಗುತ್ತದೆ.

ಇನ್ನು ಗೋಳಗುಮ್ಮಟ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲಶಾಹನ ಸಮಾಧಿಯಿದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಅದರ ಕೆಳಗೆ ನಿಂತು ಕತ್ತೆತ್ತಿದ ಮಗಳು, "ಅಪ್ಪಾ, ಕಂಬ ಇಲ್ಲದ ಇದು ಹೆಂಗ ನಿಂತದ?" ಎಂದು ಕೇಳುತ್ತಾಳೆ. ಇಲ್ಲಿಯೇ ಪಾಲಕರ ಪರೀಕ್ಷೆ. ತಿಳಿಯದಿದ್ದರೂ ಏನನ್ನೋ ಹೇಳಿ ಮುಂದೆ ನಡೆಸುವವರೇ ಹೆಚ್ಚು. "ನನಗೂ ಗೊತ್ತಿಲ್ಲವ್ವಾ, ನಿಂತು ನೋಡೋಣು" ಎನ್ನುವ ತಂದೆ ಆ ಗಳಿಗೆಯಲ್ಲಿ ಮಗಳ ಸಹಪಾಠಿಯಾಗುತ್ತಾನೆ. ನಿಂತು ನೋಡಿದರೆ ಉತ್ತರ ಕಣ್ಣೆದುರಿಗೇ ಇದೆ. ಎಂಟು ಕಮಾನುಗಳು ಒಂದನ್ನೊಂದು ಛೇದಿಸಿ ಮೇಲೆದ್ದಿವೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟಂತೆ ರಚಿಸಿದ ಆ ವಿನ್ಯಾಸದ ನಡುವೆ ಅಷ್ಟಕೋನ ಮೂಡುತ್ತದೆ. ಅಷ್ಟಕೋನದ ಮೇಲೆ ವೃತ್ತ ಕುಳಿತಿದೆ. ಇದು ಒಂಬತ್ತನೆಯ ತರಗತಿಯ ರೇಖಾಗಣಿತಕ್ಕೆ ನಿಲುಕದ ವಿಷಯವೇನಲ್ಲ. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳು ಅದನ್ನು ಪೆನ್ಸಿಲಿನಿಂದ ಬರೆದುಕೊಂಡರೆ, ಆ ಹಾಳೆ ನೂರು ಛಾಯಾಚಿತ್ರಗಳಿಗಿಂತ ಹೆಚ್ಚಿನದು. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿ ಪಿಸುಗುಟ್ಟುವ ಮೊಗಸಾಲೆಗೆ ಹೋದರೆ ಎರಡನೆಯ ಪಾಠ ಕಾದಿದೆ. ಗದ್ದಲವಿಲ್ಲದ ಬೆಳಗಿನ ಹೊತ್ತು ಗೋಡೆಗೆ ಬಾಯಿಟ್ಟು ಆಡಿದ ಮೆಲ್ಲನೆಯ ಮಾತು ಆಚೆಯ ಬದಿಯಲ್ಲಿ ನಿಂತವರ ಕಿವಿಯನ್ನು ಮುಟ್ಟುತ್ತದೆ. ಎಲ್ಲರೂ ಕೂಗತೊಡಗಿದಾಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಮನೆಗೂ ಈ ನಿಯಮ ಅನ್ವಯಿಸುತ್ತದೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ವಿಜಯಪುರದಲ್ಲಿ ನೋಡತಕ್ಕ ಸ್ಥಳಗಳು ಅಸಂಖ್ಯ. ಅವುಗಳಲ್ಲಿ ಇನ್ನೆರಡನ್ನು ಮಗಳೇ ಆರಿಸಲಿ. ಅವಳು ಶೇರ್ಜಾ ಬುರುಜಿನ ಮಲಿಕ್-ಎ-ಮೈದಾನ್ ತೋಪನ್ನು ಆರಿಸಬಹುದು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪನ್ನು ಯಂತ್ರಗಳಿಲ್ಲದ ಕಾಲದಲ್ಲಿ ಇಲ್ಲಿಗೆ ತಂದರು. ಅಲಿ ಆದಿಲಶಾಹನ ಅಪೂರ್ಣ ಸಮಾಧಿಯಾದ ಬಾರಾ ಕಮಾನನ್ನೂ ಆರಿಸಬಹುದು. ತಂದೆಯ ಗುಮ್ಮಟವನ್ನು ಮೀರಿಸಬೇಕೆಂದು ಹೊರಟ ಮಗನ ಕಟ್ಟಡವೆಂದು ಜನ ಹೇಳುವ ಆ ಕಮಾನುಗಳು ಇಂದಿಗೂ ಬಯಲಿನಲ್ಲಿ ನಿಂತಿವೆ. ದೊರೆಗಳ ಸಮಾಧಿ ಸಾಕೆನಿಸಿದರೆ ತಾಜ್ ಬಾವಡಿಗೆ ಹೋಗಿ, ಇಷ್ಟು ದೊಡ್ಡ ಊರು ಬಿರುಬಿಸಿಲಿನ ಬಯಲುಸೀಮೆಯಲ್ಲಿ ನೀರನ್ನು ಹೇಗೆ ಕೂಡಿಟ್ಟಿತೆಂಬುದನ್ನು ನೋಡಬಹುದು. ಇದೇ ಊರಿನಲ್ಲಿ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಂದು ವಚನಗಳನ್ನು ಅಚ್ಚು ಹಾಕಿಸಿದರೆಂಬುದನ್ನೂ ಅವಳು ಕೇಳಿ ತಿಳಿಯಲಿ. ನಗರವನ್ನು ಕಟ್ಟುವವರು ಅರಸರು ಮಾತ್ರವಲ್ಲ. ಹತ್ತನ್ನು ನೋಡಿ ಹತ್ತನ್ನೂ ಮರೆಯುವುದಕ್ಕಿಂತ ಮೂರನ್ನು ನೋಡಿ ಮೂರನ್ನೂ ನೆನಪಿಟ್ಟುಕೊಳ್ಳುವುದು ಲೇಸು.

ಮಕ್ಕಳ ಕೈಗೆ ಹಣ ಮತ್ತು ನಿರ್ಧಾರ ಕೊಟ್ಟರೆ ಎಡವುತ್ತಾರೆ ಎಂಬ ಆಕ್ಷೇಪ ಬರಬಹುದು. ನಿಜ. ದಾರಿ ತಪ್ಪಿ ಅರ್ಧ ತಾಸು ಹೋದೀತು. ಮಧ್ಯಾಹ್ನದ ಊಟಕ್ಕೆ ಹೆಚ್ಚು ಖರ್ಚಾಗಿ ಸಂಜೆಯ ಚಹಾಕ್ಕೆ ಕೈ ಬಿಗಿಹಿಡಿಯಬೇಕಾದೀತು. ಆದರೆ ತಂದೆ-ತಾಯಿ ಪಕ್ಕದಲ್ಲಿರುವಾಗ ಎಡವಿದ ಮಗು ಏಳುವುದನ್ನೂ ಕಲಿಯುತ್ತದೆ. ಎರಡು ವರುಷದ ನಂತರ ಪರಸ್ಥಳದಲ್ಲಿ ಒಂಟಿಯಾಗಿ ಎಡವುವುದಕ್ಕಿಂತ ಇದು ಎಷ್ಟೋ ಅಗ್ಗದ ಶುಲ್ಕ. ಇದಕ್ಕೆ ಸ್ವಂತ ವಾಹನವೇ ಬೇಕೆಂದೂ ಇಲ್ಲ. ಸರಕಾರಿ ಬಸ್ಸಿನ ಕಿಟಕಿಯಿಂದಲೂ ಅದೇ ಕೃಷ್ಣೆ ಕಾಣುತ್ತಾಳೆ.

ಆದರೆ ಬಸ್ಸಿನ ಟಿಕೀಟೂ ಭಾರವಾಗುವ, ದಿನದ ಕೂಲಿ ಬಿಟ್ಟರೆ ಒಲೆ ಉರಿಯದ ಮನೆಗಳಿವೆ. ಅಂಥ ಮನೆಗಳಿಂದ ಬಂದ ಎಷ್ಟೋ ಮಕ್ಕಳು ಪ್ರಸಾದನಿಲಯಗಳ ಆಶ್ರಯದಲ್ಲಿ ಓದುತ್ತಿದ್ದಾರೆ. ಅವರಿಗೆ ಅನ್ನವೂ ಅಕ್ಷರವೂ ದೊರಕಿವೆ. ತಂದೆಯ ಪಕ್ಕದಲ್ಲಿ ನಿಂತು ಗುಮ್ಮಟ ನೋಡುವ ಭಾಗ್ಯ ಅನೇಕರಿಗೆ ದೊರಕಿಲ್ಲ. ಕೊಠಡಿ ಕಟ್ಟಿಸುವ ದಾನಿಗಳು, ಬಹುಮಾನ ನಿಧಿ ಇಡುವ ಹಳೆಯ ವಿದ್ಯಾರ್ಥಿಗಳು ಈ ಕೊರತೆಯತ್ತಲೂ ಗಮನ ಹರಿಸಬೇಕು. ತಮ್ಮ ಮಕ್ಕಳೊಡನೆ ಹೊರಡುವಾಗ, ಮಗುವಿನ ಪಾಲಕರ ಮತ್ತು ನಿಲಯದ ಒಪ್ಪಿಗೆ ಪಡೆದು, ಅದೇ ವಯಸ್ಸಿನ ಒಬ್ಬ ಸಹಪಾಠಿಯನ್ನು ಜೊತೆಗೆ ಕರೆದೊಯ್ಯಬಹುದು. ಕಲ್ಲಿನ ಮೇಲೆ ಹೆಸರು ಕೆತ್ತಿಸಲಾಗದ ದಾನವಿದು. ಆ ಮಗುವನ್ನು ಉಪಕಾರ ಪಡೆದವನೆಂದು ಕಾಣದೆ ಸಹಪ್ರಯಾಣಿಕನೆಂದು ಕಂಡು, ನಕ್ಷೆಯನ್ನು ಅವನ ಕೈಗೂ ಒಂದು ಗಳಿಗೆ ಕೊಟ್ಟರೆ, ಕಲಿಯುವುದು ಅವನೊಬ್ಬನೇ ಅಲ್ಲ, ಮನೆಯ ಮಗುವೂ ಕಲಿಯುತ್ತದೆ.

ಶಿಕ್ಷಕರು ಮಾಡಬಹುದಾದುದು ಸ್ವಲ್ಪವೇ, ಆದರೆ ಬೆಲೆಯುಳ್ಳದ್ದು. ರಜೆ ಮುಗಿಸಿ ಬಂದ ಮಕ್ಕಳನ್ನು "ಎಷ್ಟು ಸ್ಥಳ ನೋಡಿದಿರಿ?" ಎಂದು ಕೇಳುವ ಬದಲು "ಯಾವುದರ ಮುಂದೆ ಬಹಳ ಹೊತ್ತು ನಿಂತಿರಿ?" ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರವಿರುವ ಮಗು ದೇಶವನ್ನು ಸುತ್ತಿದೆ ಎಂದು ಧಾರಾಳವಾಗಿ ಹೇಳಬಹುದು.