ಸ್ಥಿರವಾದ ಅಂಕಿ ಸತ್ಯವಾದ ಅಳತೆಯೇ?

ಶಾಲೆಗಳಲ್ಲಿ ಬುದ್ಧಿಶಕ್ತಿ ಪರೀಕ್ಷೆ ನಡೆಸಿ, ಬಂದ ಅಂಕಿಯನ್ನು ಹಿಡಿದು ಮಗುವಿಗೆ ‘ಮಂದಬುದ್ಧಿ’ಯೆಂಬ ಮುದ್ರೆ ಒತ್ತುವವರಿದ್ದಾರೆ. ಪ್ರಶ್ನಿಸಿದರೆ, “ಎರಡು ಸಲ ಪರೀಕ್ಷಿಸಿದೆವು, ಎರಡು ಸಲವೂ ಅಷ್ಟೇ ಬಂತು” ಎಂಬ ಸಿದ್ಧ ಉತ್ತರ. ಇದನ್ನು ನಾವು ಒಪ್ಪಲಾರೆವು.

ನೂರು ಗ್ರಾಂ ಕಡಿಮೆ ತೋರಿಸುವ ತಕ್ಕಡಿ ಹತ್ತು ಸಲ ತೂಗಿದರೂ ಅಷ್ಟೇ ಕಡಿಮೆ ತೋರಿಸುತ್ತದೆ. ಮತ್ತೆ ಮತ್ತೆ ಒಂದೇ ಫಲ ಬರುವುದು ವಿಶ್ವಸನೀಯತೆ. ಅಳೆಯಬೇಕಾದುದನ್ನೇ ಅಳೆಯುವುದು ಸಪ್ರಮಾಣತೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ತಾನಾಗಿ ಬಾರದು.

ವಲಸೆ ಬಂದವರಾದ ನಮಗೆ ಅಮೆರಿಕದ ಕಥೆಯೊಂದು ಪಾಠವಾಗಬೇಕು. ಮೊದಲ ಮಹಾಯುದ್ಧದ ಕಾಲಕ್ಕೆ ಅಲ್ಲಿನ ಸೈನ್ಯ ಸುಮಾರು ಹದಿನೇಳೂವರೆ ಲಕ್ಷ ಜನರ ಬುದ್ಧಿ ಅಳೆಯಿತು. ಇಂಗ್ಲಿಷ್ ಓದಲಾರದವರಿಗೆ ಚಿತ್ರಗಳ ಪರೀಕ್ಷೆ: ಟೆನಿಸ್ ಅಂಗಳದಲ್ಲಿ ಬಲೆಯಿಲ್ಲ, ಗ್ರಾಮೋಫೋನಿಗೆ ಕಹಳೆಯಿಲ್ಲ; ಏನು ಕಾಣೆಯಾಗಿದೆ ಹೇಳಿ! ಟೆನಿಸ್ಸನ್ನೇ ನೋಡದ ಹಳ್ಳಿಗ ಏನು ಹೇಳಿಯಾನು? ಅಮೆರಿಕದಲ್ಲಿ ಹೆಚ್ಚು ವರ್ಷ ಇದ್ದ ವಲಸಿಗರಿಗೆ ಹೆಚ್ಚು ಅಂಕ ಬಂತು. ಪರೀಕ್ಷೆ ಅಳೆದದ್ದು ಆ ನಾಡಿನ ಬಳಕೆಯನ್ನೆಂದು ಅಲ್ಲೇ ಹೊಳೆಯಬೇಕಿತ್ತು. ಆದರೆ ಕಾರ್ಲ್ ಬ್ರಿಗಮ್ 1923ರ ತಮ್ಮ ಗ್ರಂಥದಲ್ಲಿ, ಈಚೆಗೆ ಬಂದ ವಲಸಿಗರೇ ಕೀಳು ಬುದ್ಧಿಯವರೆಂದು ತೀರ್ಮಾನಿಸಿದರು. 1930ರಲ್ಲಿ ಅವರೇ ಆ ವಾದಕ್ಕೆ ಬುಡವಿಲ್ಲವೆಂದು ಒಪ್ಪಿಕೊಂಡರು. ಅಷ್ಟರಲ್ಲಿ, 1924ರಲ್ಲೇ, ವಲಸಿಗರನ್ನು ತಡೆಯುವ ಕಾನೂನು ಬಂದಾಗಿತ್ತು.

ಹಾಗೆಂದು ನಾವು ಪರೀಕ್ಷೆಗಳ ವೈರಿಗಳಲ್ಲ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಇದನ್ನು ಸಿದ್ಧಪಡಿಸಿದ್ದು ಹಿಂದುಳಿದ ಮಗುವಿಗೆ ನೆರವು ಕೊಡಲು, ಹಣೆಬರಹ ಬರೆಯಲು ಅಲ್ಲ. ನಮ್ಮವರಲ್ಲಿಯೂ ವಿ. ವಿ. ಕಾಮತರು ಆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. 1940ರಲ್ಲಿ ಅವರ ಗ್ರಂಥ ಹೊರಬಂತು. ಪರಭಾಷೆಯ ಪರೀಕ್ಷೆಯನ್ನು ಹಾಗೆಯೇ ತಂದು ಹೇರಬಾರದೆಂಬ ವಿವೇಕ ಅಂದೇ ಇತ್ತು. ಇಂದು ಅದಕ್ಕಿಂತ ಕಡಿಮೆಗೆ ನಾವೇಕೆ ಒಪ್ಪಬೇಕು? ಆ ಕಾಲದ ಮಕ್ಕಳಿಂದ ಪಡೆದ ಮಾನದಂಡವೂ ಇಂದಿನ ಮಕ್ಕಳಿಗೆ ಹಾಗೆಯೇ ಸಲ್ಲದು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿಯೋ ಮರಾಠಿಯೋ, ತರಗತಿಯಲ್ಲಿ ಇಂಗ್ಲಿಷು: ಇದು ನಮ್ಮ ಮಕ್ಕಳ ಸ್ಥಿತಿ. ಇಂಥ ಮಗು ಇಂಗ್ಲಿಷಿನ ಪ್ರಶ್ನೆಗೆ ತಡವರಿಸಿದರೆ ಅಲ್ಲಿ ಅಳೆದದ್ದು ಬುದ್ಧಿಯೋ, ಭಾಷೆಯೋ?

ಆದ್ದರಿಂದ ತಂದೆತಾಯಿಗಳು ಅಂಕಿ ಕಂಡು ಎದೆಗುಂದದೆ ಮೂರು ಪ್ರಶ್ನೆ ಕೇಳಲಿ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು? ಮಾನದಂಡ ಯಾವ ಮಕ್ಕಳಿಂದ, ಯಾವ ವರ್ಷ ಪಡೆದದ್ದು? ಈ ಅಂಕಿಯಿಂದ ಮಗುವಿಗೆ ಸಿಗುವ ನೆರವೇನು? ಇವಕ್ಕೆ ಉತ್ತರ ಬರುವವರೆಗೆ ಆ ಚೀಟಿಗೆ ಯಾರೂ ಸಹಿ ಹಾಕದಿರಲಿ.